ಕಲ್ಲುಬೆಂಚೂ ಊರಿನ ಉದ್ಯಾನವೂ

ಈ ಸ್ಮರಣ ಸಂಚಿಕೆಯ ಸಂಪಾದಕ ಬಂಧುಗಳು ನನ್ನಿಂದ ಹಳಗನ್ನಡ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತ ಲೇಖನವೊಂದನ್ನು ನಿರೀಕ್ಷಿಸಿದ್ದರು. ಇಷ್ಟು ವರ್ಷ ತರಗತಿಯಲ್ಲಿ ಅದನ್ನೇ ಹೇಳಿಕೊಂಡು ಬಂದವನಿಂದ ಬೇರೇನನ್ನು ತಾನೇ ನಿರೀಕ್ಷಿಸಿಯಾರು? ಆದರೆ ಕಳೆದ ಬೇಸಗೆಯಲ್ಲಿ ನಡೆದ ಒಂದು ಮಾತುಕತೆ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಅದನ್ನು ಬಿಟ್ಟು ಬೇರೆ ಬರೆಯಲು ಲೇಖನಿ ಒಪ್ಪುತ್ತಿಲ್ಲ. ವಾಚಕ ಮಹಾಶಯರು ಕ್ಷಮಿಸಬೇಕು.

ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಒಂದು ಸಂಜೆ ನಮ್ಮ ಮನೆಗೆ ಬಂದಿದ್ದರು. ಒಬ್ಬರು ಗುತ್ತಿಗೆದಾರರು, ಒಬ್ಬರು ರೇಷ್ಮೆಯ ವ್ಯಾಪಾರಿಗಳು, ಉಳಿದವರು ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಊರಿನ ಉದ್ಯಾನಕ್ಕೆ ತಮ್ಮಿಂದ ಏನಾದರೂ ಆಗಬೇಕೆಂಬುದು ಅವರ ಸಂಕಲ್ಪ. ಸಂಕಲ್ಪವು ಸ್ತುತ್ಯವಾದುದೇ. ಅವರು ತಂದಿದ್ದ ಪಟ್ಟಿಯಲ್ಲಿ ಫೈಬರಿನ ಜಿಂಕೆಗಳು, ಸಿಮೆಂಟಿನ ಕೊಕ್ಕರೆಗಳು, ಅಣಬೆಯಾಕಾರದ ಕೊಡೆಗಳು, ದಾನಿಗಳ ನಾಮಧೇಯವನ್ನು ಹೊತ್ತ ಇಪ್ಪತ್ತು ಬೆಂಚುಗಳು ಇದ್ದುವು. ಕೊನೆಯಲ್ಲಿ ಮತ್ತೊಂದು ಅಂಶ: ಸುತ್ತಮುತ್ತಣ ಹಳ್ಳಿಗಳ ಹೊಲದ ಬದುಗಳಲ್ಲಿ ಬಿದ್ದಿರುವ ವೀರಗಲ್ಲುಗಳನ್ನು ಲಾರಿಯಲ್ಲಿ ತಂದು, ನಡೆದಾಡುವ ದಾರಿಯ ಇಕ್ಕೆಲಗಳಲ್ಲಿ ನಿಲ್ಲಿಸುವುದು. "ಮೇಷ್ಟ್ರೇ, ಬೆಂಚಿನ ಮೇಲೆ ಕೆತ್ತಿಸಲು ನಾಲ್ಕು ಸಾಲು ನೀವೇ ಬರೆದುಕೊಡಬೇಕು" ಎಂದು ಕೇಳಿಕೊಂಡರು. ಬರೆದುಕೊಡುವೆನೆಂದೆ, ಆದರೆ ಪಟ್ಟಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯಿದೆಯೆಂದೂ ಹೇಳಿದೆ. ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಯುವ ವಿಷಯ ಅದಲ್ಲವಾದುದರಿಂದ ಅಂದು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತೇನೆ.

ಮೊದಲು ಬೆಂಚಿನ ಮಾತು. ನಮ್ಮ ಊರುಗಳ ಪಾರ್ಕುಗಳಲ್ಲಿ ಈಗಿರುವ ಬೆಂಚುಗಳನ್ನು ನೋಡಿರಿ. ಅಚ್ಚಿನಲ್ಲಿ ಎರಕ ಹೊಯ್ದ ಸಿಮೆಂಟಿನ ಕಾಲುಗಳು, ಮೇಲೊಂದು ಹಲಗೆ, ಒರಗಿನ ಮೇಲೆ ದಪ್ಪಕ್ಷರಗಳಲ್ಲಿ ದಾನಿಯ ಹೆಸರು, ಅವರ ತಂದೆತಾಯಿಗಳ ಹೆಸರು, ಕೆಲವೊಮ್ಮೆ ಅಂಗಡಿಯ ಹೆಸರು. ಜನರು ಕುಳಿತಾಗ ಅವರ ಬೆನ್ನು ಆ ಹೆಸರನ್ನು ಮರೆಮಾಡುತ್ತದೆ; ಅವರು ಎದ್ದುಹೋದಾಗ ಮಾತ್ರ ದಾನವು ಕಣ್ಣಿಗೆ ಬೀಳುತ್ತದೆ! ಇದು ಪರಿಹಾಸ್ಯದ ಮಾತಾದರೂ ಇದರಲ್ಲಿ ಒಂದು ತಥ್ಯವಿದೆ. ಬೆಂಚನ್ನು ನಾವು ಫಲಕವೆಂದು ಭಾವಿಸಿದ್ದೇವೆ, ಆಸನವೆಂದಲ್ಲ. ಹಾಗೆಯೇ ಶಿಲ್ಪವೆಂದರೆ ಪೀಠದ ಮೇಲೆ, ಕಂಬಿಬೇಲಿಯ ಒಳಗೆ, ದೂರದಿಂದ ನೋಡತಕ್ಕ ವಸ್ತುವೆಂದು ಭಾವಿಸಿದ್ದೇವೆ. ಈ ಎರಡನೆಯ ಭಾವನೆ ನಮಗೆ ಬಂದುದು ಆಂಗ್ಲರ ಉದ್ಯಾನಗಳಿಂದ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಇಂದಿಗೂ ಎತ್ತರದ ಪೀಠದ ಮೇಲೆ ನಿಂತಿದೆ. ಅರಸನು ಮೇಲೆ, ಪ್ರಜೆಯು ಕೆಳಗೆ ಎಂಬ ಆ ಏರ್ಪಾಡನ್ನು ಸ್ವಾತಂತ್ರ್ಯಾನಂತರವೂ ನಾವು ಕೈಬಿಡಲಿಲ್ಲ. ಪೀಠದ ಮೇಲಿನ ವ್ಯಕ್ತಿಯನ್ನು ಮಾತ್ರ ಬದಲಿಸಿದೆವು.

ನಮ್ಮ ದೇಶದ ಪದ್ಧತಿ ಹೀಗಿರಲಿಲ್ಲ. ಶಿಲ್ಪವೂ ಆಸನವೂ ನೆರಳೂ ಇಲ್ಲಿ ಒಟ್ಟಿಗೇ ಬೆಳೆದುಬಂದುವು. ಅರಳಿಕಟ್ಟೆಯನ್ನು ನೆನೆಯಿರಿ. ನಡುವೆ ಮರ, ಅದರ ಬುಡಕ್ಕೆ ಒರಗಿದ ನಾಗರಕಲ್ಲುಗಳು, ಸುತ್ತಲೂ ಕುಳಿತುಕೊಳ್ಳಲು ಎತ್ತರಿಸಿದ ಕಟ್ಟೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರೆಲ್ಲರೂ ಅಲ್ಲಿ ಸಾಲುಸಾಲಾಗಿ ನಿಂತಿರುವ ಸಹಸ್ರಾರು ನಾಗಶಿಲೆಗಳನ್ನು ಕಂಡಿದ್ದಾರೆ. ಭಕ್ತರು ಹರಕೆಗೆಂದು ಇಟ್ಟವು ಅವು, ನಿಜ. ಆದರೆ ಬಯಲಿನಲ್ಲಿ ಮರದಡಿಯಲ್ಲಿ ನಿಂತ ಇಷ್ಟು ದೊಡ್ಡ ಶಿಲ್ಪಸಮೂಹವನ್ನು ಹಣ ತೆತ್ತು ನೋಡುವ ವಸ್ತುಸಂಗ್ರಹಾಲಯಗಳಲ್ಲಿಯೂ ಕಾಣುವುದು ದುರ್ಲಭ. ನಂದಿಗ್ರಾಮದ ಭೋಗನಂದೀಶ್ವರ ದೇವಾಲಯವು 9ನೆಯ ಶತಮಾನದಷ್ಟು ಹಿಂದಿನದು. ಅಲ್ಲಿಯ ಶೃಂಗಿತೀರ್ಥವೆಂಬ ಪುಷ್ಕರಿಣಿಗೆ ನಾಲ್ಕು ಕಡೆಯೂ ಇಳಿಯುವ ಮೆಟ್ಟಿಲುಗಳಿವೆ. ಬೇಸಗೆಯ ಮಧ್ಯಾಹ್ನ ಕಂಬಸಾಲಿನ ನೆರಳಿನಲ್ಲಿ ಕುಳಿತು ಆ ಮೆಟ್ಟಿಲುಗಳ ಸಾಲನ್ನು ನೋಡಿದವನಿಗೆ, ಕುಳಿತುಕೊಳ್ಳುವ ಸ್ಥಳವೂ ನೋಡುವ ವಸ್ತುವೂ ಒಂದೇ ಆಗಬಹುದೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕಕ್ಷಾಸನ. ಈ ಶಬ್ದವನ್ನು ನಮ್ಮ ಮಕ್ಕಳಿಗೆ ಯಾವ ಪಠ್ಯಪುಸ್ತಕವೂ ಹೇಳಿಕೊಡುತ್ತಿಲ್ಲವೆಂಬುದು ನನಗೆ ಬಹಳ ದಿನದ ಕೊರಗು. ಚಾಲುಕ್ಯ, ಹೊಯ್ಸಳ ದೇವಾಲಯಗಳ ತೆರೆದ ಮಂಟಪಗಳ ಅಂಚಿನಲ್ಲಿ ಸುತ್ತಲೂ ಕಲ್ಲಿನ ಜಗಲಿಯಿರುತ್ತದೆ. ಅದಕ್ಕೆ ಹೊರಕ್ಕೆ ತುಸು ಬಾಗಿದ ಕಲ್ಲಿನ ಒರಗು. ಅದೇ ಕಕ್ಷಾಸನ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯವನ್ನು ನೋಡಬೇಕು. ತೆರೆದ ಮಂಟಪದ ಗಿಡ್ಡ ಗೋಡೆಯ ಒಳಬದಿ ಜನರು ಕುಳಿತುಕೊಳ್ಳುವ ಆಸನ. ಅದೇ ಗೋಡೆಯ ಹೊರಮೈಯ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ ಕಥೆ. ಒಂದೇ ಗೋಡೆಯು ಒಳಗಿನವನಿಗೆ ಬೆನ್ನಾಸರೆ, ಹೊರಗಿನವನಿಗೆ ಕಾವ್ಯ. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ 'ಕಲಾತ್ಮಕ ಬೆಂಚು' ಎಂದು ಬರೆದಿತ್ತು. ಅದಕ್ಕೆ ಕನ್ನಡ ನಾಡಿನಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಮಾದರಿಯಿದ್ದುದನ್ನು ಮರೆತು, ಕಂಪೆನಿಯ ಚಿತ್ರಪುಸ್ತಕದಲ್ಲಿ ನಾವು ಮಾದರಿಯನ್ನು ಅರಸುತ್ತಿದ್ದೇವೆ.

ಪಂಡಿತನಾದವನಿಗೆ ಕಾವ್ಯವನ್ನು ಎಳೆದು ತರದೆ ಸಮಾಧಾನವಿಲ್ಲ. 'ಶಾಕುಂತಲ'ದ ಮೂರನೆಯ ಅಂಕದಲ್ಲಿ ವಿರಹತಪ್ತಳಾದ ಶಕುಂತಲೆ ಮಲಗಿರುವುದು ಹೂವು ಹಾಸಿದ ಒಂದು ಶಿಲಾಪಟ್ಟದ ಮೇಲೆ. ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಿಸಿದ್ದನ್ನು ವಾಚಕರು ಬಲ್ಲರು. ಲತಾಮಂಟಪ, ನದೀತೀರ, ಒಂದು ಹಾಸುಗಲ್ಲು. ಕವಿಗೆ ಉದ್ಯಾನವೆಂದರೆ ಇಷ್ಟು ಸಾಕಾಗಿತ್ತು. ಫೈಬರಿನ ಜಿಂಕೆಯ ಅವಶ್ಯಕತೆ ಆಶ್ರಮಕ್ಕೆ ಬೀಳಲಿಲ್ಲ. ಅಲ್ಲಿ ನಿಜವಾದ ಜಿಂಕೆಗಳಿದ್ದುವು.

ಈಗ ಕಲ್ಲಿನ ಮಾತಿಗೆ ಬರುತ್ತೇನೆ. ನನ್ನ ಮುಖ್ಯವಾದ ಆಕ್ಷೇಪಣೆಯಿರುವುದು ಇಲ್ಲಿಯೇ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕವಾದ ನಮ್ಮ ಜಿಲ್ಲೆಯು ಕಲ್ಲಿನ ಜಿಲ್ಲೆ. ನಂದಿಬೆಟ್ಟದಿಂದ ಗುಡಿಬಂಡೆಯವರೆಗೆ, ಚಿಂತಾಮಣಿಯ ಅಂಬಾಜಿದುರ್ಗದವರೆಗೆ ಎತ್ತ ನೋಡಿದರೂ ಬಂಡೆ. ದ್ರಾಕ್ಷಿಯ ತೋಟದ ಚಪ್ಪರಕ್ಕೆ ಮರದ ಗೂಟವನ್ನಲ್ಲ, ಕಲ್ಲುಕಂಬವನ್ನು ನೆಡುವ ನಾಡು ಇದು. ಹಳ್ಳಿಯ ಮನೆಯ ಮಾಳಿಗೆಗೂ ಚಪ್ಪಡಿ, ಒಗೆಯುವ ಕಲ್ಲಿಗೂ ಚಪ್ಪಡಿ, ಚರಂಡಿಯ ಮೇಲೂ ಚಪ್ಪಡಿ. ಇಂತಹ ನಾಡಿನ ಉದ್ಯಾನದಲ್ಲಿ ಸಿಮೆಂಟಿನಲ್ಲಿ ಬಂಡೆಯ ಆಕಾರ ಮಾಡಿ, ಅದಕ್ಕೆ ಬೂದುಬಣ್ಣ ಬಳಿದು ಇಡುತ್ತಾರೆಂದರೆ ನಗಬೇಕೋ ಅಳಬೇಕೋ ತಿಳಿಯದು.

ನಿಜವಾದ ಬಂಡೆಗಳು ಎಲ್ಲಿ ಹೋಗುತ್ತಿವೆ? ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತಿವೆ. ಕಟ್ಟಡಗಳು ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ವಿದ್ಯಾರ್ಥಿಗಳೇ ಅವುಗಳಲ್ಲಿ ಕುಳಿತು ಜೀವನೋಪಾಯ ಕಂಡುಕೊಂಡಿದ್ದಾರೆ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಮರೆಯಲಾಗದು. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಗೆ ಸಂಬಂಧಿಸಿದ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಮರುದಿನ ತರಗತಿಯಲ್ಲಿ ಪಾಠ ಮಾಡಲು ನನಗೆ ಮನಸ್ಸು ಬರಲಿಲ್ಲ; ಮಕ್ಕಳಿಗೂ ಕೇಳುವ ಮನಸ್ಸಿರಲಿಲ್ಲ. ಬೆಟ್ಟವನ್ನು ಪುಡಿ ಮಾಡುವುದಕ್ಕೆ ಇಷ್ಟೆಲ್ಲ ತೆರುವ ಜಿಲ್ಲೆಯು, ಅದೇ ಬೆಟ್ಟದ ಹತ್ತು ಕಲ್ಲುಗಳನ್ನು ಪುಡಿ ಮಾಡದೆ ಉಳಿಸಿ, ಉಳಿಯಿಂದ ಮುಟ್ಟಿಸಿ, ತನ್ನ ಮಕ್ಕಳ ಎದುರಿಗೆ ಇಡಲಾರದೆ?

ಕೆತ್ತುವವರು ಯಾರು ಎಂಬ ಪ್ರಶ್ನೆ ಬಂತು. ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಶಿವಾರಪಟ್ಟಣವಿದೆ. ಅಲ್ಲಿಯ ಶಿಲ್ಪಿಗಳು ಕಲ್ಲಿನಲ್ಲಿಯೂ ಲೋಹದಲ್ಲಿಯೂ ವಿಗ್ರಹಗಳನ್ನು ಮಾಡಿ ದೂರದೂರದ ದೇವಾಲಯಗಳಿಗೆ ಕಳುಹಿಸುತ್ತಾರೆ. ನಾವು ಅವರಲ್ಲಿಗೆ ಹೋಗುವುದು ವಿಗ್ರಹ ಬೇಕಾದಾಗ ಮಾತ್ರ. ಪಾರ್ಕಿಗೆ ಬೇಕಾದಾಗ ಅಚ್ಚಿನ ಕಾರ್ಖಾನೆಗೆ ಹೋಗುತ್ತೇವೆ. ನಮ್ಮ ತಾಲ್ಲೂಕುಗಳಲ್ಲಿಯೇ ಇರುವ ಭೋವಿ ಸಮುದಾಯದ ಕಲ್ಲುಕುಟಿಗರು ಬಂಡೆಯ ಮೈಯನ್ನು ಕೈಯಿಂದ ತಟ್ಟಿ, ಯಾವ ಗೆರೆಯಲ್ಲಿ ಸೀಳುವುದೆಂದು ಹೇಳಬಲ್ಲರು. ಈ ವಿದ್ಯೆಯನ್ನು ಯಂತ್ರವು ತಿಂದುಹಾಕುವ ಮೊದಲು ಒಂದಿಷ್ಟು ಕೆಲಸವನ್ನು ಅವರ ಕೈಗೆ ಕೊಡುವುದು ಧರ್ಮವಲ್ಲವೆ?

ಆದರೆ ಒಂದು ಎಚ್ಚರಿಕೆ. ಬೇಲೂರಿನ ಮದನಿಕೆಯನ್ನು ತೋರಿಸಿ, "ಇಂಥದನ್ನು ಮಾಡಿಕೊಡಿ" ಎಂದು ಕೇಳಬಾರದು. ಬೇಲೂರು ಹಳೆಬೀಡುಗಳ ಕಲ್ಲು ಬಳಪದ ಜಾತಿಯದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಕೊರಳಹಾರದ ಮಣಿಯನ್ನೂ ಬಿಡಿಸಿ ಕೆತ್ತಲು ಒದಗುತ್ತದೆ. ನಮ್ಮದು ಕಣಶಿಲೆ. ಇದರ ಗಾಂಭೀರ್ಯವಿರುವುದು ತೂಕದಲ್ಲಿ, ದುಂಡುತನದಲ್ಲಿ, ಹೆಚ್ಚು ಮಾತನಾಡದ ರೇಖೆಯಲ್ಲಿ. ನಂದಿಬೆಟ್ಟದ ನೆಲ್ಲಿಕಾಯಿ ಬಸವಣ್ಣನನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮಲಗಿದ ಎತ್ತು, ರಾಗಿಯ ತೆನೆ, ರೇಷ್ಮೆಯ ಗೂಡು, ಹುಣಿಸೆಯ ಕಾಯಿ, ಕೆರೆಯ ತೂಬು. ಇಂತಹ ಆಕಾರಗಳನ್ನು ಕಣಶಿಲೆಯು ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಮಗು ಅದರ ಮೇಲೆ ಹತ್ತಿ ಕುಳಿತರೆ ಮುರಿಯುವುದಿಲ್ಲ, ಮಳೆಗೆ ಬಣ್ಣ ಬಿಡುವುದಿಲ್ಲ. ಸಿಮೆಂಟಿನ ಕೊಕ್ಕರೆಯ ಗತಿಯನ್ನು ನಾವು ಕಂಡಿದ್ದೇವಲ್ಲ! ಬಿರುಕಿನಲ್ಲಿ ನೀರು ಇಳಿಯುತ್ತದೆ, ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಗಾರೆ ಸಿಡಿಯುತ್ತದೆ. ಕೆಲವೇ ವರ್ಷಗಳಲ್ಲಿ ಕೊಕ್ಕರೆಗೆ ಕೊಕ್ಕಿಲ್ಲ, ಸರಳು ಮಾತ್ರ ಉಳಿದು ಮಕ್ಕಳ ಕಣ್ಣಿಗೆ ಅಪಾಯ.

ಆಯಾ ನೆಲದ ವಸ್ತುವಿನಿಂದಲೇ ಉದ್ಯಾನದ ಕಲೆ ಹುಟ್ಟಬೇಕೆಂಬುದು ನನ್ನ ಮನೆಯ ಮಾತಲ್ಲ. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 1900 ಮತ್ತು 1914ರ ನಡುವೆ ಗೌಡಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಉದ್ಯಾನದಲ್ಲಿ ಹಾವಿನಂತೆ ಬಳುಕುವ ಉದ್ದನೆಯ ಆಸನವಿದೆ. ಅದಕ್ಕೆ ಹೊದಿಸಿರುವುದು ಒಡೆದ ಹೆಂಚುಬಿಲ್ಲೆಗಳ ಚೂರುಗಳನ್ನು. ಚಂಡೀಗಢದಲ್ಲಿ ರಸ್ತೆಯ ಇನ್ಸ್‌ಪೆಕ್ಟರಾಗಿದ್ದ ನೇಕ್ ಚಂದ್ ಎಂಬುವರು ಒಡೆದ ಬಳೆ, ಪಿಂಗಾಣಿಗಳಿಂದ ಗುಟ್ಟಾಗಿ ಕಟ್ಟಿದ ಶಿಲಾವನವು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಉರುಳಿದ ಮರಗಳ ಕಾಂಡಗಳನ್ನು ಶಿಲ್ಪಿಗಳ ಕೈಗೊಪ್ಪಿಸಿ ಶಿಲ್ಪಗಳನ್ನಾಗಿ ಮಾಡಿಸಿದ್ದಾರೆ. ಅವರವರ ಕೈಗೆ ಸಿಕ್ಕಿದ್ದು ಅವರವರಿಗೆ. ನಮಗೆ ಸಿಕ್ಕಿರುವುದು ಕಲ್ಲು.

ಕುಳಿತುಕೊಳ್ಳುವವರು ಯಾರೆಂಬುದನ್ನು ಯೋಚಿಸದೆ ಆಸನವನ್ನು ಮಾಡಿಸಬಾರದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ದೂರದ ಊರುಗಳಿಂದ ರೈತರು ಗೂಡು ಹೊತ್ತು ರಾತ್ರಿಯೇ ಹೊರಟು ಬರುತ್ತಾರೆ. ಹರಾಜು ಮುಗಿದು ಮುಂದಿನ ಬಸ್ಸಿಗಾಗಿ ಕಾಯುವ ಆ ರೈತನಿಗೆ ಅರ್ಧ ಗಂಟೆ ಬೆನ್ನು ಚಾಚಲು ಊರಿನಲ್ಲಿ ಎಲ್ಲಿ ಸ್ಥಳವಿದೆ? ನಗರಗಳಲ್ಲಿ ಇತ್ತೀಚೆಗೆ ಬೆಂಚಿನ ನಡುವೆ ಕಬ್ಬಿಣದ ಅಡ್ಡಪಟ್ಟಿಗಳನ್ನು ಇಡುತ್ತಿದ್ದಾರೆ, ಯಾರೂ ಮಲಗಬಾರದೆಂದು. ನಮ್ಮ ಹಿರಿಯರು ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲೆಂದು ದಾರಿಯಲ್ಲಿ ಹೊರೆಗಲ್ಲನ್ನು ನೆಡಿಸುತ್ತಿದ್ದರು. ಹಾದುಹೋಗುವವನು ಯಾರೆಂದು ಕೇಳುತ್ತಿರಲಿಲ್ಲ. ಆ ಅಡ್ಡಪಟ್ಟಿ ನಮ್ಮ ಊರಿಗೆ ಬಾರದಿರಲಿ. ಆಸನದ ಎತ್ತರ ಒಂದೂವರೆ ಅಡಿಯಷ್ಟಿರಲಿ, ಒರಗು ಕಕ್ಷಾಸನದಂತೆ ತುಸು ಬಾಗಿರಲಿ. ಮಂಡಿನೋವಿನವರು ಕೈಯೂರಿ ಏಳಲು ಎರಡು ತುದಿಗಳಲ್ಲಿ ಮಾತ್ರ ಕೈಯಾಸರೆ ಇರಲಿ (ಈ ಅಂಶವನ್ನು ಸ್ವಾನುಭವದಿಂದಲೇ ಸೇರಿಸಿದ್ದೇನೆ). ಕಲ್ಲು ಬಿಸಿಲಿಗೆ ಕಾಯುತ್ತದೆಯಾದುದರಿಂದ ಮೊದಲು ಹೊಂಗೆಯ ಮರ, ಆಮೇಲೆ ಬೆಂಚು. ಮರವಿಲ್ಲದ ಕಡೆ ಇಟ್ಟ ಕಲ್ಲುಬೆಂಚು ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ ಕಾದ ಕಾವಲಿಗೆ ಸಮಾನ.

ಈಗ ವೀರಗಲ್ಲು. ಇದನ್ನು ಕುರಿತು ನಾನು ಅಂದೇ ಖಂಡಿತವಾಗಿ ಬೇಡವೆಂದೆ. ಸ್ವಲ್ಪ ಕಠಿಣವಾಗಿಯೂ ಹೇಳಿದೆನೇನೋ. ವೀರಗಲ್ಲು ಅಲಂಕಾರದ ವಸ್ತುವಲ್ಲ. ಅದು ಒಂದು ಊರಿನ ದಾಖಲೆ. ತುರುಗೊಳ್ ಆದಾಗ ಹಸುಗಳನ್ನು ಬಿಡಿಸಲು ಹೋಗಿ ಮಡಿದವನು, ಊರಳಿವಿನಲ್ಲಿ ಹೋರಾಡಿ ಬಿದ್ದವನು, ಅವನ ಕಥೆಯನ್ನು ಕಲ್ಲು ಹೇಳುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಲೋಕ. ಆದರೆ ಯಾವ ಊರು, ಯಾವ ಗಡಿ, ಯಾವ ದಾರಿ ಎಂಬುದನ್ನು ಹೇಳುವುದು ಅದು ನಿಂತಿರುವ ನೆಲ. ಲಾರಿಗೆ ಏರಿಸಿದ ಕ್ಷಣದಲ್ಲಿ ಅರ್ಧ ಶಾಸನ ಅಳಿಸಿಹೋದಂತೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ, ಕ್ರಿ.ಶ. 750ರ ಸುಮಾರಿನ ಕಲ್ಲು ನೆಲದಿಂದ ಮೇಲೆದ್ದು ಬೆಳಕಿಗೆ ಬಂದಾಗ ಶಾಸನಾಸಕ್ತರೂ ಊರಿನವರೂ ಕಲೆತು ಆ ಊರಿನಲ್ಲಿಯೇ ಅದಕ್ಕೊಂದು ಮಂಟಪವನ್ನು ಕಟ್ಟಿಸಿದರು. ಇದು ಅನುಕರಣೀಯ. ಬದುವಿನಲ್ಲಿ ಮಗುಚಿಬಿದ್ದ ಕಲ್ಲನ್ನು ಅಲ್ಲಿಯೇ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಚಪ್ಪಡಿಯ ಆಸನವನ್ನು ಹಾಕಿಸಿದರೆ ಅದಕ್ಕಿಂತ ದೊಡ್ಡ ಉದ್ಯಾನ ಬೇಕಿಲ್ಲ. ಮುಂದಿನ ವರ್ಷ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ಅಂತಹ ಕಲ್ಲುಗಳ ಪಟ್ಟಿಯನ್ನು ಮಾಡಿಸಬೇಕೆಂಬ ಇಚ್ಛೆಯಿದೆ.

ಇನ್ನೊಂದು ತೊಡಕನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ನಮ್ಮಲ್ಲಿ ಕೆತ್ತಿದ ಕಲ್ಲನ್ನು ಬಯಲಿನಲ್ಲಿ ಇಟ್ಟರೆ ವಾರದೊಳಗೆ ಯಾರಾದರೂ ಅರಿಸಿನ ಕುಂಕುಮ ಇಡುತ್ತಾರೆ, ತಿಂಗಳೊಳಗೆ ಹುಂಡಿ ಬರುತ್ತದೆ. ಮಹಾಪುರುಷರ ಪ್ರತಿಮೆಯನ್ನು ಇಟ್ಟರಂತೂ, ನಮ್ಮವರದು ಏಕಿಲ್ಲವೆಂದು ಎರಡನೆಯ ಗುಂಪು, ಎತ್ತರ ಸಾಲದೆಂದು ಮೂರನೆಯದು. 2013ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ರಸ್ತೆ, ಕಾಲುದಾರಿ ಮೊದಲಾದ ಕಡೆ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಆದೇಶಿಸಿದುದು ಸುಮ್ಮನೆ ಅಲ್ಲ. ನಮ್ಮ ಊರಿನ ಸಮೀಪದ ಆವಲಗುರ್ಕಿಯಲ್ಲಿ 2023ರಲ್ಲಿ ಅನಾವರಣಗೊಂಡ 112 ಅಡಿಯ ಆದಿಯೋಗಿಯನ್ನು ನೋಡಲು ಜನರು ದೂರದಿಂದ ಬರುತ್ತಾರೆ, ಬರಲಿ. ಅದರ ಅಳತೆ ಬೇರೆ, ಪಾರ್ಕಿನ ಅಳತೆ ಬೇರೆ. ಪಾರ್ಕಿನ ಶಿಲ್ಪದ ಎತ್ತರ ಐದು ವರ್ಷದ ಮಗುವಿನ ಕೈಗೆ ಎಟುಕುವಷ್ಟಿದ್ದರೆ ಸಾಕು. ಎತ್ತು, ತೆನೆ, ಹುಣಿಸೆಗಳಿಗೆ ಜಾತಿಯಿಲ್ಲ, ಪಕ್ಷವಿಲ್ಲ. ಕುಂಕುಮವನ್ನು ಇಟ್ಟರೆ ಇಡಲಿ, ಮಳೆ ತೊಳೆಯುತ್ತದೆ.

ಹಣದ ವಿಷಯ. ಕಲ್ಲಿನ ಕೆಲಸಕ್ಕೆ ಸಿಮೆಂಟಿಗಿಂತ ವೆಚ್ಚ ಹೆಚ್ಚೆಂದು ಗುತ್ತಿಗೆದಾರ ಶಿಷ್ಯರು ಹೇಳಿದರು. ಒಪ್ಪಿದೆ. ಇಪ್ಪತ್ತು ಬೆಂಚುಗಳ ಬದಲು ನಾಲ್ಕು ಮಾಡಿಸೋಣ. ಪುರಸಭೆಯ, ನಗರಸಭೆಯ ಅನುಮತಿಯನ್ನು ಮೊದಲೇ ಬರಹದಲ್ಲಿ ಪಡೆಯುವುದು ಅಗತ್ಯ. ಉದ್ಯಾನಗಳನ್ನೂ ಬಯಲುಗಳನ್ನೂ ಕಾಪಾಡಲೆಂದು 1985ರ ಕಾಯಿದೆಯೊಂದು ನಮ್ಮ ರಾಜ್ಯದಲ್ಲಿದೆ, ಅಲ್ಲಿ ಮನಬಂದಂತೆ ಕಟ್ಟುವುದಕ್ಕೆ ಯಾರಿಗೂ ಅಧಿಕಾರವಿಲ್ಲ.

ಕೊನೆಗೆ ಹೆಸರಿನ ಪ್ರಶ್ನೆ. ದಾನಿಗಳು ಈ ಸಂಚಿಕೆಯನ್ನು ಓದುತ್ತಾರೆಂಬುದನ್ನು ಬಲ್ಲೆ. ಆದುದರಿಂದ ವಿನಯಪೂರ್ವಕವಾಗಿ ಹೇಳುತ್ತೇನೆ. ಹೆಸರು ಬೇಡವೆಂದು ಹೇಳಲಾರೆ. ಶಾಸನಗಳಲ್ಲಿ ದಾನಿಯ ಹೆಸರಿಲ್ಲದಿದ್ದರೆ ನಮಗೆ ಚರಿತ್ರೆಯೇ ಇರುತ್ತಿರಲಿಲ್ಲ. ಆದರೆ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಕೊಟ್ಟವನಿಗೂ ಕೆತ್ತಿದವನಿಗೂ ಅಲ್ಲಿ ಸ್ಥಳವಿತ್ತು. ನಮ್ಮ ಬೆಂಚಿನಲ್ಲಿಯೂ ಒರಗಿನ ಮೇಲೆ ಏನೂ ಬೇಡ. ಕಾಲಿನ ಪಕ್ಕದಲ್ಲಿ, ಅಂಗುಲದ ಅಕ್ಷರದಲ್ಲಿ, ಕೊಟ್ಟವರ ಹೆಸರು, ಅದರ ಕೆಳಗೆ ಅದೇ ಅಳತೆಯಲ್ಲಿ ಕಲ್ಲುಕುಟಿಗನ ಹೆಸರು, ಇಸವಿ. ನನ್ನನ್ನು ಕೇಳಿದ್ದ ನಾಲ್ಕು ಸಾಲಿನ ಪದ್ಯಕ್ಕೆ ಆಗ ಜಾಗವೇ ಉಳಿಯುವುದಿಲ್ಲ, ಅದು ನನಗೆ ಸಮಾಧಾನವೇ.

ಶ್ರಾವಣದಲ್ಲಿ ಶಿಷ್ಯರು ಪುನಃ ಬಂದಿದ್ದರು. ವೀರಗಲ್ಲಿನ ಯೋಚನೆಯನ್ನು ಕೈಬಿಟ್ಟಿದ್ದಾರೆ. ಎರಡು ಕಲ್ಲುಬೆಂಚುಗಳಿಗೆ ಶಿವಾರಪಟ್ಟಣದಲ್ಲಿ ವಿಚಾರಿಸಿಕೊಂಡು ಬಂದಿದ್ದಾರೆ. ಹೊಂಗೆಯ ಸಸಿಗಳನ್ನು ಶಾಲೆಯ ಮಕ್ಕಳೇ ನೆಡುವುದೆಂದು ಆಗಿದೆ. ಫೈಬರಿನ ಜಿಂಕೆಗಳ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತಕ್ಕೆ ಬಂದಿಲ್ಲ.